‘ಒಡೆದುಹೋಯಿತು’ ಅಲ್ಲ, ‘ಒಡೆದೆ’

ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ಒಡೆಯುವುದು ಹೊಸದಲ್ಲ. ಬೀಕರು, ಟೆಸ್ಟ್ ಟ್ಯೂಬು, ಬ್ಯೂರೆಟ್ಟಿನ ತುದಿ ಇವೆಲ್ಲ ವರ್ಷಕ್ಕೆ ಇಷ್ಟೆಂದು ಹೋಗುವಂಥವೇ. ಆದರೆ ಇಷ್ಟು ವರ್ಷಗಳಲ್ಲಿ ನಾನು ಗಮನಿಸಿದ್ದೊಂದಿದೆ. ‘ಸರ್, ಬೀಕರ್ ಒಡೆದುಹೋಯ್ತು’ ಎನ್ನುವ ಮಕ್ಕಳು ನೂರಿದ್ದರೆ, ‘ಸರ್, ನಾನು ಬೀಕರ್ ಒಡೆದೆ’ ಎನ್ನುವವರು ಒಬ್ಬರೋ ಇಬ್ಬರೋ. ನಮ್ಮ ಕನ್ನಡದಲ್ಲಿ ಇಂಥದೊಂದು ಅನುಕೂಲವಿದೆ. ಹಾಲು ತಾನಾಗಿ ಚೆಲ್ಲಿಹೋಗುತ್ತದೆ, ದುಡ್ಡು ಖರ್ಚಾಗಿಹೋಗುತ್ತದೆ, ಬೈಗುಳ ಬಾಯಿತಪ್ಪಿ ಬಂದುಬಿಡುತ್ತದೆ. ಮಾಡಿದವನು ಮಾತ್ರ ವಾಕ್ಯದಲ್ಲಿ ಎಲ್ಲಿಯೂ ಸಿಕ್ಕುವುದಿಲ್ಲ.

ಕಥೋಲಿಕ ಕ್ರೈಸ್ತರ ಪಾಪನಿವೇದನೆಯನ್ನು ಮಕ್ಕಳಿಗೆ ವಿವರಿಸುವಾಗ ನನಗೆ ಹೆಚ್ಚು ಸಹಾಯಕ್ಕೆ ಬರುವುದು ಈ ವ್ಯಾಕರಣವೇ. ವಾರದ ಐದೂವರೆ ದಿನ ವಿಜ್ಞಾನದ ಪಾಠ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನಲ್ಲಿ ಒಂದು ಗಂಟೆ ಧರ್ಮೋಪದೇಶದ ಪಾಠ. ಅಲ್ಲಿ ನನ್ನ ಮುಂದೆ ಕೂರುವವರು ಮೊದಲ ಪರಮಪ್ರಸಾದಕ್ಕೆ ಸಿದ್ಧರಾಗುತ್ತಿರುವ ಎಂಟು ಒಂಬತ್ತು ವರ್ಷದ ಮಕ್ಕಳು. ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಪಾಪನಿವೇದನೆಗೆ ‘ಕುಮ್ಸಾರ್’ ಎಂದೂ ಪರಮಪ್ರಸಾದಕ್ಕೆ ‘ಕುಮ್ಗಾರ್’ ಎಂದೂ ಹೆಸರು. ಎರಡೂ ಪೋರ್ಚುಗೀಸ್ ಮೂಲದ ಮಾತುಗಳು. ಮಕ್ಕಳ ಬಾಯಲ್ಲಿ ಅವು ಅದಲುಬದಲಾಗುವುದೂ ಉಂಟು.

ಬೇರೆ ಧರ್ಮದ ಓದುಗರಿಗಾಗಿ ಎರಡು ಮಾತು. ಬಲಿಪೂಜೆಯಲ್ಲಿ ಹಂಚುವ ಗೋಧಿಯ ತೆಳುವಾದ ಬಿಲ್ಲೆಯನ್ನು ಕಥೋಲಿಕರು ಯೇಸುವಿನ ಶರೀರವೆಂದೇ ನಂಬುತ್ತಾರೆ. ಹೀಗಾಗಿ ದೇವಸ್ಥಾನದಲ್ಲಿ ಕೈಚಾಚಿದವರಿಗೆಲ್ಲ ಸಿಗುವ ಪ್ರಸಾದದಂತೆ ಇದು ಸಿಗುವುದಿಲ್ಲ. ಸ್ನೇಹಿತನ ಮದುವೆಗೆ ಬಂದವರು ಸಾಲಿನಲ್ಲಿ ನಿಂತು, ಪಾದ್ರಿಗಳು ಮೆಲ್ಲನೆ ‘ಬೇಡ’ ಎಂದಾಗ ಮುಖ ಸಣ್ಣದು ಮಾಡಿಕೊಂಡು ಹಿಂದಿರುಗುವುದನ್ನು ನಾನು ನೋಡಿದ್ದೇನೆ. ಅದು ಜಾತಿಭೇದವೂ ಅಲ್ಲ, ಅವಮಾನವೂ ಅಲ್ಲ. ಕಥೋಲಿಕನಾಗಿ ಹುಟ್ಟಿದವನೂ ಸಿದ್ಧನಿಲ್ಲದಿದ್ದರೆ ಅಲ್ಲಿಗೆ ಹೋಗುವಂತಿಲ್ಲ. ಪ್ರತಿಯೊಬ್ಬನೂ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಈ ರೊಟ್ಟಿಯನ್ನು ತಿನ್ನಬೇಕೆಂದು ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಪತ್ರ ಬರೆದದ್ದು ಒಂದನೆಯ ಶತಮಾನದಲ್ಲಿ.

ಈ ಸಿದ್ಧತೆ ಎಂದರೇನು ಎಂಬ ಬಗ್ಗೆ ಒಂದೊಂದು ಕಾಲ ಒಂದೊಂದಕ್ಕೆ ಒತ್ತು ಕೊಟ್ಟಿದೆ. 1215ರಲ್ಲಿ ರೋಮಿನಲ್ಲಿ ನಡೆದ ನಾಲ್ಕನೆಯ ಲ್ಯಾಟರನ್ ಮಹಾಸಭೆ, ತಿಳುವಳಿಕೆಯ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕು, ಈಸ್ಟರಿನ ವೇಳೆಗೆ ಪರಮಪ್ರಸಾದ ಸ್ವೀಕರಿಸಬೇಕು ಎಂದು ವಿಧಿಸಿತು. ಕೇಳಿಸಿಕೊಂಡದ್ದನ್ನು ಹೊರಗೆ ಹೇಳಿದ ಪಾದ್ರಿಯನ್ನು ಹುದ್ದೆಯಿಂದ ತೆಗೆದು, ಜೀವನಪರ್ಯಂತ ಪ್ರಾಯಶ್ಚಿತ್ತಕ್ಕಾಗಿ ಕಟ್ಟುನಿಟ್ಟಿನ ಮಠವೊಂದಕ್ಕೆ ತಳ್ಳಬೇಕೆಂದು ಹೇಳಿದ್ದೂ ಅದೇ ಸಭೆ. ಆದರೆ ತಿಳುವಳಿಕೆಯ ವಯಸ್ಸು ಯಾವುದು? ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಒಳಗೆ ಇಟಲಿಯ ಮೊಸ್ಕೆನಿ ಬಿಡಿಸಿದ ಚಿತ್ರಗಳನ್ನು ಶಾಲಾ ಪ್ರವಾಸದಲ್ಲಿ ಎಷ್ಟೋ ಮಕ್ಕಳು ನೋಡಿರಬಹುದು. ಆ ಅಲೋಶಿಯಸ್ ಗೊನ್ಜಾಗ ಮೊದಲ ಪರಮಪ್ರಸಾದ ಪಡೆದದ್ದು 1580ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ. ಕೊಟ್ಟವರು ಮಿಲಾನಿನ ಕಾರ್ಡಿನಲ್ ಚಾರ್ಲ್ಸ್ ಬೊರೊಮಿಯೊ. ನಡುವೆ ಜಾಲರಿಯಿರುವ ಮರದ ಕನ್ಫೆಶನ್ ಬಾಕ್ಸು ಬಳಕೆಗೆ ಬರಲು ಮುಖ್ಯ ಕಾರಣರಾದವರೂ ಅವರೇ.

ಮುಂದೆ ಹಲವು ಕಡೆ ಹತ್ತು, ಹನ್ನೆರಡು, ಹದಿನಾಲ್ಕು ವರ್ಷದವರೆಗೂ ಮಕ್ಕಳನ್ನು ಕಾಯಿಸುವ ರೂಢಿ ಬೆಳೆಯಿತು. 1910ರಲ್ಲಿ ಪೋಪ್ ಹತ್ತನೆಯ ಪಿಯೂಸ್ ಅದನ್ನು ನಿಲ್ಲಿಸಿದರು. ಸುಮಾರು ಏಳನೆಯ ವರ್ಷದಲ್ಲಿ, ಸಾಮಾನ್ಯ ರೊಟ್ಟಿಗೂ ಈ ರೊಟ್ಟಿಗೂ ಇರುವ ವ್ಯತ್ಯಾಸ ಮಗುವಿಗೆ ತಿಳಿದರೆ ಸಾಕು, ದೊಡ್ಡ ಪಾಂಡಿತ್ಯ ಬೇಕಿಲ್ಲ ಎಂದರು. ಪಾಪ ಮಾಡುವಷ್ಟು ದೊಡ್ಡವನಾದ ಮಗು ಪರಮಪ್ರಸಾದಕ್ಕೆ ಮಾತ್ರ ಚಿಕ್ಕವನೇ ಎಂಬುದು ಅದರ ಹಿಂದಿನ ನ್ಯಾಯವಾದ ಪ್ರಶ್ನೆ.

ಉಪವಾಸದ ಕತೆಯೂ ಹೀಗೆಯೇ. ನಮ್ಮ ತಂದೆ ತಾಯಿಯ ಬಾಲ್ಯದಲ್ಲಿ ನಡುರಾತ್ರಿಯಿಂದ ಒಂದು ಗುಟುಕು ನೀರೂ ಇಲ್ಲದೆ ಪೂಜೆಗೆ ಹೋಗಬೇಕಾಗಿತ್ತು. 1953ರಲ್ಲಿ ನೀರಿಗೆ ಅನುಮತಿ ಸಿಕ್ಕಿತು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ಈಗಲೂ ಅಷ್ಟೇ. ನೀರು, ಔಷಧಿಗೆ ಅಡ್ಡಿಯಿಲ್ಲ; ವೃದ್ಧರಿಗೆ, ಕಾಯಿಲೆಯವರಿಗೆ ವಿನಾಯಿತಿ ಇದೆ. ಹೊಟ್ಟೆಯ ಲೆಕ್ಕ ಸುಲಭ, ಗಡಿಯಾರ ನೋಡಿದರೆ ಆಯಿತು. ಕಷ್ಟವಿರುವುದು ಇನ್ನೊಂದು ಲೆಕ್ಕದಲ್ಲಿ.

ಮಕ್ಕಳು ಪಾಪಗಳ ಪಟ್ಟಿಯನ್ನು ಉರುಹೊಡೆದುಕೊಂಡು ಬರುತ್ತಾರೆ. ಸುಳ್ಳು ಹೇಳಿದೆ, ಅಪ್ಪ ಅಮ್ಮನ ಮಾತು ಕೇಳಲಿಲ್ಲ, ತಂಗಿಗೆ ಹೊಡೆದೆ. ತಂಗಿಯೇ ಇಲ್ಲದ ಹುಡುಗನೊಬ್ಬ ಅಭ್ಯಾಸಕ್ಕೆಂದು ಬರೆದ ಚೀಟಿಯಲ್ಲೂ ತಂಗಿಗೆ ಹೊಡೆದದ್ದು ಇತ್ತು! ನನಗೆ ನೆನಪಾದದ್ದು ಲೋಲಕದ ಪ್ರಯೋಗದ ರೆಕಾರ್ಡು ಪುಸ್ತಕಗಳು. ನಲವತ್ತು ಮಕ್ಕಳು, ನಲವತ್ತು ಲೋಲಕ, ಎಲ್ಲರಿಗೂ ಗುರುತ್ವ ವೇಗೋತ್ಕರ್ಷ ಸರಿಯಾಗಿ 980! ಬರಬೇಕಾದ ಉತ್ತರವನ್ನು ಮೊದಲು ಬರೆದು, ಅದಕ್ಕೆ ಹೊಂದುವ ಅಳತೆಗಳನ್ನು ಹಿಂದಿನಿಂದ ತುಂಬಿದರೆ ಹಾಗಾಗುತ್ತದೆ. 940 ಬಂದದ್ದನ್ನು 940 ಎಂದೇ ಬರೆದ ಹುಡುಗಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಏಕೆಂದರೆ ತಪ್ಪು ಎಲ್ಲಿದೆ ಎಂದು ಹುಡುಕಲು ಸಾಧ್ಯವಿರುವುದು ಅವಳ ಪುಸ್ತಕದಲ್ಲಿ ಮಾತ್ರ.

ಪಾಪನಿವೇದನೆಯಲ್ಲೂ ಕೇಳುವುದು ಇಂಥ ಅಳತೆಯನ್ನೇ. ನಾನು ಒಡೆದೆ, ನಾನು ಕದ್ದೆ, ನಾನು ಅವನ ಬಗ್ಗೆ ಹೀಗೆ ಹೇಳಿದೆ. ‘ಅವನೇ ಮೊದಲು ಶುರು ಮಾಡಿದ’ ಎಂಬುದು ಅಲ್ಲಿಗೆ ಬೇಕಿಲ್ಲ. ಕದ್ದ ಕಂಪಾಸು ಪೆಟ್ಟಿಗೆಯನ್ನು ಇಟ್ಟುಕೊಂಡೇ ಕ್ಷಮೆ ಪಡೆಯುವಂತೆಯೂ ಇಲ್ಲ, ಅದನ್ನು ಹಿಂದಿರುಗಿಸಬೇಕು.

ಹಾಗೆಂದು ಎಲ್ಲ ಪಾಪವೂ ಪರಮಪ್ರಸಾದಕ್ಕೆ ಅಡ್ಡಿಯಲ್ಲ. ವಿಷಯ ಗಂಭೀರವಾಗಿರಬೇಕು, ಅದು ಗಂಭೀರವೆಂದು ಮಾಡುವಾಗಲೇ ತಿಳಿದಿರಬೇಕು, ಮನಸ್ಸು ಪೂರ್ತಿಯಾಗಿ ಒಪ್ಪಿ ಮಾಡಿರಬೇಕು. ಮೂರೂ ಕೂಡಿದರೆ ಮಾತ್ರ ಅದು ಮಾರಕ ಪಾಪ. ಅಂಥದು ಮನಸ್ಸಿನಲ್ಲಿದ್ದರೆ ಮೊದಲು ನಿವೇದನೆ, ನಂತರ ಪ್ರಸಾದ. ತಂಗಿಯ ಜಡೆ ಎಳೆದದ್ದಕ್ಕೆ ಬೆಂಚಿನಲ್ಲೇ ಕೂರಬೇಕಾಗಿಲ್ಲ. ‘ಒಂದು ಪಾಪ ಮರೆತುಹೋದರೆ?’ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ನಿಜವಾಗಿ ಮರೆತದ್ದಾದರೆ ಅದೂ ಕ್ಷಮೆಯಾದಂತೆಯೇ. ಗಂಭೀರವಾದದ್ದು ನೆನಪಾದರೆ ಮುಂದಿನ ಸಲ ಹೇಳಿದರೆ ಸಾಕು. ಕೆಲವು ಸೂಕ್ಷ್ಮ ಮನಸ್ಸಿನ ಮಕ್ಕಳಿಗೆ ಇದನ್ನು ಹತ್ತು ಸಲ ಹೇಳಬೇಕಾಗುತ್ತದೆ. ಅವರು ಒಂದೇ ತಪ್ಪನ್ನು ಕೆದಕಿ ಕೆದಕಿ ನಿದ್ದೆಗೆಡುತ್ತಾರೆ. ಲೊಯೊಲದ ಸಂತ ಇಗ್ನೇಷಿಯಸ್‌ಗೇ 1522ರಲ್ಲಿ ಮನ್ರೇಸಾ ಊರಿನಲ್ಲಿ ಈ ಕಾಟವಿತ್ತು. ತೀರಾ ಸ್ಪಷ್ಟವಾದದ್ದನ್ನು ಬಿಟ್ಟು ಹಳೆಯದನ್ನು ಮತ್ತೆ ಹೇಳಬೇಡ ಎಂದು ಅವರ ಗುರುಗಳೇ ಅಪ್ಪಣೆ ಕೊಡಬೇಕಾಯಿತು. ಇಂಥ ಮಗುವಿಗೆ ನರಕದ ಹೆದರಿಕೆ ಹಾಕುವುದು ಜ್ವರ ಬಂದವನಿಗೆ ಕಂಬಳಿ ಹೊದಿಸಿ ಬಿಸಿಲಲ್ಲಿ ಕೂರಿಸಿದಂತೆ.

ಇನ್ನೊಂದು ವಿಷಯವನ್ನು ನಾನು ಪ್ರತಿ ತಂಡಕ್ಕೂ ಬಿಡಿಸಿ ಹೇಳುತ್ತೇನೆ. ದೊಡ್ಡವರು ಯಾರಾದರೂ ನಿನ್ನೊಡನೆ ಕೆಟ್ಟದಾಗಿ ನಡೆದುಕೊಂಡರೆ ಅದು ಅವರ ಪಾಪ, ನಿನ್ನದಲ್ಲ. ಅದನ್ನು ನಿನ್ನ ಪಾಪವೆಂದು ಹೊತ್ತು ತಿರುಗಬೇಡ. ಹೋಗಿ ಅಮ್ಮನಿಗೆ ಹೇಳು, ಟೀಚರಿಗೆ ಹೇಳು. ಹೇಳಬೇಡ ಎಂದವರು ಯಾರೇ ಆಗಿರಲಿ, ಯಾವ ಬಟ್ಟೆಯನ್ನೇ ತೊಟ್ಟಿರಲಿ, ಹೇಳು.

ತಂದೆತಾಯಿಗಳಿಗೆ ನನ್ನದು ಸ್ವಲ್ಪ ತಕರಾರೇ ಇದೆ. ಮಕ್ಕಳನ್ನು ಈ ಸಂಸ್ಕಾರಕ್ಕೆ ಸಿದ್ಧಗೊಳಿಸುವ ಮೊದಲ ಹೊಣೆ ತಂದೆತಾಯಿಯದೆಂದು 1983ರ ಧರ್ಮಸಭೆಯ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ನಮ್ಮಲ್ಲಿ ಆ ಹೊಣೆ ಬಿಳಿ ಫ್ರಾಕು, ಕೋಟು, ಹಾಲ್ ಬುಕಿಂಗು, ಕೇಕಿನಲ್ಲಿ ಮುಗಿಯುತ್ತದೆ. ಸಂಭ್ರಮ ಬೇಡವೆಂದಲ್ಲ. ಆದರೆ ಮನೆಯಲ್ಲಿ ‘ನಾನು ಒಡೆದೆ’ ಎಂದ ಮಗುವಿಗೆ ಎರಡೇಟು, ‘ಒಡೆದುಹೋಯ್ತು’ ಎಂದವನಿಗೆ ಬರೀ ಬೈಗುಳ ಎಂದಾದರೆ ಆ ಮಗು ಯಾವುದನ್ನು ಕಲಿಯುತ್ತದೆ? ನನ್ನ ಒಂದು ಗಂಟೆಯ ಪಾಠ ಅದರ ಮುಂದೆ ಎಷ್ಟು ಹೊತ್ತು ನಿಂತೀತು?

‘ಫಾದರ್ ಹತ್ರ ಏನು ಹೇಳಿದೆ ಪುಟ್ಟಾ?’ ಎಂದು ಚರ್ಚಿನ ಮೆಟ್ಟಿಲ ಮೇಲೇ ಕೇಳುವ ತಾಯಂದಿರಿದ್ದಾರೆ. ಪ್ರಾಣ ಹೋದರೂ ಪಾದ್ರಿ ಬಾಯಿ ಬಿಡುವಂತಿಲ್ಲದ ಮಾತನ್ನು ಮಗು ಒಂದು ಐಸ್‌ಕ್ರೀಮಿಗೆ ಒಪ್ಪಿಸಬೇಕೆ? ಇದಕ್ಕಿಂತ ನನಗೆ ನೋವಾಗುವ ಸಂಗತಿ ಇನ್ನೊಂದಿದೆ. ಪರಮಪ್ರಸಾದದ ವೇಳೆ ಬೆಂಚಿನಿಂದ ಬೆಂಚು ಎದ್ದು ಸಾಲು ಹೊರಡುತ್ತದೆ. ಹೈಸ್ಕೂಲಿನ ಹುಡುಗನೊಬ್ಬ ಏಳದೆ ಕುಳಿತಿದ್ದ. ತಂದೆ ಮೊಣಕೈಯಿಂದ ತಿವಿದರು. ಹುಡುಗ ತಲೆಯಾಡಿಸಿದ. ‘ಜನ ಏನಂದುಕೊಳ್ತಾರೆ, ಏಳು’ ಎಂದು ಪಿಸುಗುಟ್ಟಿ ಎಬ್ಬಿಸಿಯೇ ಬಿಟ್ಟರು. ಹುಡುಗ ಹೋದ, ನಾಲಿಗೆ ಚಾಚಿದ, ಬಂದು ಕೂತ. ಅವನ ಮನಸ್ಸಿನಲ್ಲಿ ಏನಿತ್ತೋ ನನಗೆ ತಿಳಿಯದು, ತಿಳಿಯಬೇಕಾದ್ದೂ ಇಲ್ಲ. ಆ ದಿನ ಆ ಚರ್ಚಿನಲ್ಲಿ ತನ್ನನ್ನು ತಾನು ಪರೀಕ್ಷಿಸಿಕೊಂಡಿದ್ದವನು ಅವನು. ಅವನನ್ನೇ ಎಬ್ಬಿಸಿ ಕಳಿಸಲಾಯಿತು. ಸಿದ್ಧನಿಲ್ಲ ಎಂದು ಕೂತವನನ್ನು ಕೂರಲು ಬಿಡಬೇಕು. ಯಾಕೆಂದು ಮನೆಗೆ ಹೋದ ಮೇಲೂ ಕೇಳಬಾರದು.

ನಮ್ಮಲ್ಲಿ ಶನಿವಾರ ಸಂಜೆ ಪಾಪನಿವೇದನೆಗೆ ಸಾಲು ನಿಲ್ಲುತ್ತದೆ. ಅಜ್ಜಿಯರು, ತಾಯಂದಿರು, ಧರ್ಮೋಪದೇಶದ ಮಕ್ಕಳು. ಮಕ್ಕಳನ್ನು ಕರೆತಂದ ತಂದೆಯರಲ್ಲಿ ಹೆಚ್ಚಿನವರು ಅಂಗಳದಲ್ಲಿ ಬೈಕಿಗೆ ಒರಗಿ ಮೊಬೈಲು ನೋಡುತ್ತಿರುತ್ತಾರೆ. ಕಳೆದ ತಪಸ್ಸುಕಾಲದಲ್ಲಿ ಒಬ್ಬ ಚಿಕ್ಕ ಹುಡುಗಿ ಒಳಗಿಂದ ಬಂದು, ‘ಪಪ್ಪಾ, ಈಗ ನಿಮ್ಮ ಸರದಿ’ ಎಂದಳು. ಅವರು ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿ, ಒಳಗೆ ಹೋದರು.