ಒಂದೂಕಾಲು ಗುಂಟೆ

ಲೆಸ್ಟರ್, ಇಂಗ್ಲೆಂಡ್
ಸೆಪ್ಟೆಂಬರ್ ಕೊನೆಯ ವಾರ

ಚಿ. ಸೌ. ತಂಗಿಗೆ,

ಇಲ್ಲಿ ಮಗ, ಸೊಸೆ, ಪುಟ್ಟಿ ಎಲ್ಲರೂ ಕ್ಷೇಮ.

ಮೊನ್ನೆ ಫೋನಿನಲ್ಲಿ ನಕ್ಕೆಯಲ್ಲ, "ಬಾಡಿಗೆ ಕೊಟ್ಟು ಸೊಪ್ಪು ಬೆಳೆಯೋಕೆ ವಿಮಾನ ಹತ್ತಬೇಕಿತ್ತೇನಕ್ಕ, ನಮ್ಮ ಹಿತ್ತಲು ಇರಲಿಲ್ವಾ" ಅಂತ. ನಾನು ಉತ್ತರ ಹೇಳುವಷ್ಟರಲ್ಲಿ ಲೈನು ಕಟ್ಟಾಯಿತು. ಮತ್ತೆ ಫೋನ್ ಮಾಡಬಹುದಿತ್ತು. ಆದರೆ ಇದು ಕುಕ್ಕರಿನ ಕೂಗು ಎಣಿಸುತ್ತಾ ಕೇಳುವ ಕಥೆ ಅಲ್ಲ. ಕೂತು ಓದು.

ಮನೆಯಿಂದ ಹತ್ತು ನಿಮಿಷ ನಡೆದರೆ ಕಬ್ಬಿಣದ ಗೇಟು. ಒಳಗೆ ಹೋದರೆ ಎಕರೆಗಟ್ಟಲೆ ಜಾಗ, ಪಟ್ಟಿ ಪಟ್ಟಿಯಾಗಿ ಹಂಚಿದ್ದಾರೆ. ಅಲಾಟ್‌ಮೆಂಟ್ ಅಂತಾರೆ. ಮೀಟರು ಬಂದು ಎಷ್ಟೋ ಕಾಲವಾದರೂ ಇದನ್ನು ಇನ್ನೂ 'ಪೋಲ್' ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಪೋಲ್ ಅಂದರೆ 16.5 ಅಡಿ. ಅದರ ಎರಡರಷ್ಟು 33 ಅಡಿ. ನಮ್ಮ ಸರ್ವೆಯವರು ಹೊಲದಲ್ಲಿ ಎಳೆಯುತ್ತಿದ್ದ ಸರಪಳಿಯೂ 33 ಅಡಿಯದೇ. ಅಪ್ಪ ಪಾಲು ಮಾಡಿಸುವಾಗ ನಾವಿಬ್ಬರೂ ಬದುವಿನ ಮೇಲೆ ಕೂತು ನೋಡಿದ್ದೆವು. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ. ಹಾಗಾಗಿ ಇಲ್ಲಿಯ ನಾಲ್ಕು ಚದರ ಪೋಲ್ ಸರಿಯಾಗಿ ನಮ್ಮ ಒಂದು ಗುಂಟೆ! ಪೂರ್ತಿ ಪ್ಲಾಟು 10 ಪೋಲ್, ಎಂದರೆ ಎರಡೂವರೆ ಗುಂಟೆ. ಈಗ ಕೇಳುವವರು ಹೆಚ್ಚಾಗಿ ಅರ್ಧರ್ಧ ಕೊಡುತ್ತಾರೆ. ಮಗ ಎರಡು ವರ್ಷ ಕಾದ ಮೇಲೆ ಸಿಕ್ಕಿದ್ದು ಒಂದೂಕಾಲು ಗುಂಟೆ, ನಮ್ಮ ಥರ್ಟಿ ಫಾರ್ಟಿ ಸೈಟಿಗಿಂತ ಸ್ವಲ್ಪ ದೊಡ್ಡದು. ವರ್ಷದ ಬಾಡಿಗೆ, ಇವರು ಮೂವರೂ ಒಂದು ಸಲ ಹೋಟೆಲಿನಲ್ಲಿ ಉಂಡು ಬಂದರೆ ಆಗುವಷ್ಟು.

ಈ ಜಾಗ ಧರ್ಮಕ್ಕೆ ಕೊಟ್ಟದ್ದಲ್ಲ. ಹಿಂದೆ ಇಲ್ಲೂ ನಮ್ಮ ಗೋಮಾಳದ ಹಾಗೆ ಊರೊಟ್ಟಿನ ನೆಲ ಇತ್ತಂತೆ. ಹದಿನೆಂಟು, ಹತ್ತೊಂಬತ್ತನೇ ಶತಮಾನದಲ್ಲಿ ಪಾರ್ಲಿಮೆಂಟಿನಲ್ಲಿ ಒಂದರ ಮೇಲೊಂದು ಕಾಯಿದೆ ತಂದು ಜಮೀನುದಾರರು ಅದಕ್ಕೆಲ್ಲ ಬೇಲಿ ಹಾಕಿಕೊಂಡರು. ದನ ಬಿಡುವುದಕ್ಕೂ ಜಾಗವಿಲ್ಲದೆ ಹೋದ ಬಡವರಿಗೆ ಅಷ್ಟಿಷ್ಟು ತುಂಡು ಕೊಟ್ಟು ಸಮಾಧಾನ ಮಾಡಿದರು. 1908ರ ಕಾಯಿದೆ ಬಂದ ಮೇಲೆ, ಜನ ಕೇಳಿದರೆ ಇಂಥ ಜಾಗ ಒದಗಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಯಿತು. ಎರಡನೇ ಮಹಾಯುದ್ಧದಲ್ಲಿ ಹಡಗುಗಳು ಮುಳುಗಿ ಆಹಾರ ಬರುವುದು ಕಷ್ಟವಾದಾಗ ದೇಶದಲ್ಲಿ ಸುಮಾರು 14 ಲಕ್ಷ ಪ್ಲಾಟುಗಳಿದ್ದವು. ಲಂಡನ್ ಟವರ್ ಕೋಟೆಯ ಕಂದಕದಲ್ಲೂ ತರಕಾರಿ ಹಾಕಿದ್ದರು. ಈಗ ಮೂರು ಲಕ್ಷದ ಆಸುಪಾಸಿಗೆ ಇಳಿದಿದೆ. ನಮ್ಮ ಲೇಔಟುಗಳಲ್ಲೂ ಸಿ.ಎ. ಸೈಟು ಅಂತ ಬಿಡುತ್ತಾರಲ್ಲ, ಅದರಲ್ಲೊಂದನ್ನು ಹೀಗೆ ಹಂಚಲಿ ನೋಡೋಣ. ಮೊದಲ ವರ್ಷ ಬದನೆ, ಎರಡನೇ ವರ್ಷ ಕಲ್ಯಾಣ ಮಂಟಪ.

ಬೆಳೆದದ್ದನ್ನು ಮಾರಿ ವ್ಯಾಪಾರ ಮಾಡುವಂತಿಲ್ಲ. ಮುಖ್ಯವಾಗಿ ಮನೆಯವರು ತಿನ್ನುವುದಕ್ಕೇ ಬೆಳೆಯಬೇಕು ಅಂತ 1922ರ ಕಾಯಿದೆ ಹೇಳುತ್ತದೆ. 1950ರ ಇನ್ನೊಂದು ಕಾಯಿದೆಯ ಪ್ರಕಾರ ಹೇಂಟೆ ಸಾಕಬಹುದು, ಮೊಲ ಸಾಕಬಹುದು, ಹುಂಜ ಸಾಕುವ ಹಕ್ಕಿಲ್ಲ. ಬೆಳಗಿನ ಜಾವ ಕೂಗಿ ನೆರೆಯವರ ನಿದ್ದೆ ಕೆಡಿಸುತ್ತದಲ್ಲ. ಕಳೆ ಬೆಳೆಸಿ ಸುಮ್ಮನೆ ಕೂತರೆ ಮನೆಗೆ ನೋಟಿಸು ಬರುತ್ತೆ.

ನಾನು ಏಪ್ರಿಲ್‌ನಲ್ಲಿ ಬಂದಾಗ ನೆಲ ಕಪ್ಪಗೆ, ಒದ್ದೆಯಾಗಿ, ಜೇಡಿಮಣ್ಣಿನ ಹೆಂಟೆ. ಇಲ್ಲಿಯವರು ಸ್ಪೇಡಿನ ಮೇಲೆ ಕಾಲಿಟ್ಟು ನೆಟ್ಟಗೆ ನಿಂತು ಅಗೆಯುತ್ತಾರೆ, ನಮ್ಮ ಹಾಗೆ ಗುದ್ದಲಿ ಎತ್ತಿ ಹಾಕುವುದಿಲ್ಲ. ನನಗೆ ಅದು ಒಗ್ಗಲಿಲ್ಲ. ಆಗ ಸಿಕ್ಕಿದ್ದು ಪಕ್ಕದ ಪ್ಲಾಟಿನ ಬೆನ್.

ಬೆನ್ ಅಂದರೆ ಗುಜರಾತಿಯವರು ಹೆಂಗಸರನ್ನು ಕರೆಯುವುದು. ನಮಗಿಂತ ಹಿರಿಯರು, ಎಂಬತ್ತರ ಹತ್ತಿರ ಇರಬಹುದು, ಸೀರೆಯ ಮೇಲೆ ಗಂಡಸರ ಕೋಟು, ಕಾಲಿಗೆ ರಬ್ಬರ್ ಬೂಟು. ಹುಟ್ಟಿದ್ದು ಉಗಾಂಡಾದ ಕಂಪಾಲಾದಲ್ಲಿ. 1972ರ ಆಗಸ್ಟ್‌ನಲ್ಲಿ ಇದಿ ಅಮೀನ್ ಏಷ್ಯಾದವರೆಲ್ಲ 90 ದಿನದಲ್ಲಿ ಜಾಗ ಖಾಲಿ ಮಾಡಬೇಕು ಅಂದನಲ್ಲ, ಆಗ ಬಂದವರು. ಆ ವರ್ಷ ಲೆಸ್ಟರಿನ ನಗರಾಡಳಿತ 'ಉಗಾಂಡಾ ಆರ್ಗಸ್' ಪತ್ರಿಕೆಗೆ ಒಂದು ಜಾಹೀರಾತು ಕೊಟ್ಟಿತ್ತು, ನಮ್ಮ ಊರಿಗೆ ಬರಬೇಡಿ ಅಂತ. ಬರಬೇಡಿ ಅಂದವರ ಊರಿಗೇ ಸಾವಿರಾರು ಜನ ಬಂದರು. ಇವತ್ತು ಇಲ್ಲಿಯ ಬೆಲ್‌ಗ್ರೇವ್ ರಸ್ತೆಯಲ್ಲಿ ಸೀರೆ, ಚಿನ್ನ, ಫರ್ಸಾಣ್ ಅಂಗಡಿಗಳ ಸಾಲು ನೋಡಿದರೆ ಆ ಜಾಹೀರಾತು ಎಷ್ಟು ಕೆಲಸ ಮಾಡಿತು ಅಂತ ಗೊತ್ತಾಗುತ್ತೆ!

ಬೆನ್ ಹತ್ತಿರ ಥೇಟ್ ನಮ್ಮ ಗುದ್ದಲಿಯಂಥದೇ ಒಂದಿದೆ, ಮೊಸಳೆ ಗುರುತಿನದು, ಪೂರ್ವ ಆಫ್ರಿಕದ ಮಾತಿನಲ್ಲಿ 'ಜೆಂಬೆ'. ತಯಾರಾಗುತ್ತಿದ್ದದ್ದು ಇಲ್ಲೇ ಹತ್ತಿರದ ವುಲ್ವರ್‌ಹ್ಯಾಂಪ್ಟನ್ನಿನಲ್ಲಂತೆ, ಆಫ್ರಿಕದ ರೈತರಿಗೆ ಕಳಿಸುವುದಕ್ಕೆ. ನನ್ನ ಕೈಗೆ ಕೊಟ್ಟರು. ಎರಡು ವಾರದಲ್ಲಿ ಅರ್ಧ ಪ್ಲಾಟು ಹಸನು ಮಾಡಿದೆ. ನಿಮ್ಮ ಭಾವನವರಿಗೆ ಹೇಳಬೇಡ, ಅಲ್ಲಿ ಸೊಂಟನೋವು ಅಂತ ನೆಲ ಒರೆಸುವುದನ್ನೂ ಬಿಟ್ಟಿದ್ದೆ.

ಇನ್ನೊಂದು ಪಕ್ಕದ ಪ್ಲಾಟಿನ ಅಜ್ಜ ಇಲ್ಲಿಯವರೇ, ಕಾಲುಚೀಲ ಹೆಣೆಯುವ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಮಾತು ಕಡಿಮೆ. ಕುದುರೆ ಲಾಯದಿಂದ ಗೊಬ್ಬರ ತರಿಸಿದಾಗ ಅದನ್ನು ನೇರ ಮಣ್ಣಿಗೆ ಹಾಕಲು ಬಿಡಲಿಲ್ಲ. ಕುಂಡದಲ್ಲಿ ತುಂಬಿ ನಾಲ್ಕು ಹುರುಳಿಕಾಯಿ ಬೀಜ ಊರಿಸಿದರು. ಹುಲ್ಲುಗಾವಲಿನ ಕಳೆಗೆ ಹೊಡೆಯುವ ಒಂದು ಜಾತಿಯ ಔಷಧಿ ಹುಲ್ಲಿನಲ್ಲಿ ಉಳಿದು, ಕುದುರೆಯ ಹೊಟ್ಟೆ ದಾಟಿ, ಲದ್ದಿಯಲ್ಲೂ ಉಳಿಯುತ್ತದಂತೆ. ಅದಿದ್ದರೆ ಹುರುಳಿಕಾಯಿ ಗಿಡದ ಎಲೆ ಮುರುಟಿಕೊಂಡು ಏಳುತ್ತೆ. 2008ರಲ್ಲಿ ಈ ದೇಶದ ಎಷ್ಟೋ ತೋಟಗಳು ಹೀಗೆ ಹಾಳಾಗಿ ಆ ಔಷಧಿಯ ಮಾರಾಟವನ್ನೇ ಸ್ವಲ್ಪ ಕಾಲ ನಿಲ್ಲಿಸಿದ್ದರು. ನಮ್ಮ ಗೊಬ್ಬರ ಚೆನ್ನಾಗಿತ್ತು, ಎಲೆ ನೆಟ್ಟಗೆ ಬಂತು. ನಮ್ಮಲ್ಲೂ ಈಗ ಬದುವಿಗೆಲ್ಲ ಕಳೆನಾಶಕ ಹೊಡೆಯುತ್ತಾರೆ, ದನ ಅದೇ ಮೇಯುತ್ತೆ. ನಿಮ್ಮ ಯಜಮಾನರಿಗೆ ಈ ಬೀಜದ ಪರೀಕ್ಷೆ ಹೇಳು.

ಆಲೂಗಡ್ಡೆಯನ್ನು ಗುಡ್‌ಫ್ರೈಡೇ ಹೊತ್ತಿಗೆ ಊರುವುದು ಇಲ್ಲಿಯ ಪದ್ಧತಿ. ಅದಕ್ಕೆ ಮೊದಲು ಮೊಟ್ಟೆಯ ಟ್ರೇಯಲ್ಲಿ ಕೂರಿಸಿ ಕಿಟಕಿಯ ಬೆಳಕಿಗೆ ಮೊಳಕೆ ತರಿಸುತ್ತಾರೆ. ಹಾಸನದ ಎಪಿಎಂಸಿಯಲ್ಲಿ ಜಲಂಧರ್ ಬೀಜದ ಮೂಟೆಗೆ ರಾತ್ರಿಯೆಲ್ಲ ಕಾದವರ ಮಗಳು ನಾನು. ಇಲ್ಲಿ ಹನ್ನೆರಡು ಗಡ್ಡೆಯನ್ನು ಮೊಟ್ಟೆಯ ಹಾಗೆ ಜೋಪಾನ ಮಾಡಿದೆ. ಜುಲೈ ಕೊನೆಯಲ್ಲಿ ಮಗನ ಮೊಬೈಲಿಗೆ ಎಚ್ಚರಿಕೆ ಬಂತು. ಸತತ ಎರಡು ದಿನ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯದೆ, ಎರಡೂ ದಿನ ಕನಿಷ್ಠ 6 ಗಂಟೆ ಗಾಳಿಯ ತೇವ ಶೇ. 90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂಗಮಾರಿ ರೋಗಕ್ಕೆ ಹದ ಅಂತ ಲೆಕ್ಕ. ಮಾರನೇ ವಾರ ಎಲೆಯ ಅಂಚು ಕಂದಿತು. ನಿನಗೆ ಅದರ ವಾಸನೆ ವಿವರಿಸಬೇಕಿಲ್ಲ. 1845ರಿಂದ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತ ಬರಗಾಲಕ್ಕೆ ಇದೇ ರೋಗ ಕಾರಣ. ಅದಕ್ಕಿಂತ ಹತ್ತಿರದ ಸಂಗತಿ ಹೇಳುತ್ತೇನೆ ಕೇಳು. 2004ರ ಮೇಲೆ ಯುರೋಪಿನಲ್ಲಿ ಎದ್ದು ಕೆಲವೇ ವರ್ಷದಲ್ಲಿ ಬ್ರಿಟನ್ನಿನ ಹೊಲಗಳನ್ನು ಆಕ್ರಮಿಸಿದ ಅಂಗಮಾರಿಯ ಒಂದು ಹೊಸ ತಳಿ ಇದೆ. 2009–10ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಟೊಮೆಟೊ, ಆಲೂಗಡ್ಡೆಯನ್ನು ಸುಟ್ಟದ್ದೂ ಅದೇ ತಳಿ ಅಂತ ನಮ್ಮ ವಿಜ್ಞಾನಿಗಳು ಪತ್ತೆ ಮಾಡಿದ್ದಾರೆ. ಆಗ ನಮ್ಮ ಕಡೆ ಹೊಲ ಹೊಲವೇ ಕಪ್ಪಾದದ್ದು ನೆನಪಿದೆಯಲ್ಲ. ಅಜ್ಜ ಬಂದು ಹಂಬನ್ನೆಲ್ಲ ಬುಡಕ್ಕೆ ಕತ್ತರಿಸಿ ಎಸೆಯಿರಿ, ಎರಡು ವಾರ ಗಡ್ಡೆ ಕೀಳಬೇಡಿ ಅಂದರು. ಹಾಗೇ ಮಾಡಿದೆವು, ಮುಕ್ಕಾಲು ಪಾಲು ಉಳಿಯಿತು.

ಮಿಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಎಲೆಕೋಸಿಗೆ ಬಲೆ ಕಟ್ಟದಿದ್ದರೆ ಪಾರಿವಾಳದ ಪಾಲು. ಚಿಪ್ಪಿಲ್ಲದ ಬಸವನಹುಳು ಒಂದಿದೆ, ಒಂದು ರಾತ್ರಿಗೆ ಸಾಲು ಪೂರ್ತಿ ಬೋಳಿಸುತ್ತೆ. ಅದಕ್ಕೆ ಹಾಕುತ್ತಿದ್ದ ನೀಲಿ ಗುಳಿಗೆಯ ವಿಷವನ್ನು 2022ರಿಂದ ನಿಷೇಧಿಸಿದ್ದಾರೆ. ಈಗ ಬಟ್ಟಲಲ್ಲಿ ಬಿಯರ್ ಇಟ್ಟು ಮುಳುಗಿಸುತ್ತಾರೆ. ನಮ್ಮ ಮನೆಯಲ್ಲಿ ಆ ಬಾಟಲಿ ನಾನೇ ಹಿಡಿದುಕೊಂಡು ಹೋಗುವುದು. ದಾರಿಯಲ್ಲಿ ಕನ್ನಡದವರು ಸಿಗದಿದ್ದರೆ ಸಾಕು. ಕೋರ್ಜೆಟ್ ಅಂತ ಸೌತೆಯಂಥ ಕುಂಬಳದ ಜಾತಿ, ಆಗಸ್ಟ್‌ನಲ್ಲಿ ಬೇಡವೆಂದರೂ ಬಿಡುತ್ತೆ. ಗೇಟಿನ ಹತ್ತಿರ ಬುಟ್ಟಿಯಲ್ಲಿಟ್ಟು ಒಯ್ಯಿರಿ ಅಂತ ಚೀಟಿ ಬರೆದರೂ ಯಾರೂ ಮುಟ್ಟುವುದಿಲ್ಲ, ಎಲ್ಲರ ಮನೆಯಲ್ಲೂ ಅದೇ. ಹುಳಿ, ಪಲ್ಯ, ಬಜ್ಜಿ, ಕೊನೆಗೆ ತುರಿದು ರೊಟ್ಟಿಗೂ ಸೇರಿಸಿದೆ. ಪುಟ್ಟಿ ಈಗ ರೊಟ್ಟಿ ಬಿಡಿಸಿ ನೋಡಿ ತಿನ್ನುತ್ತಾಳೆ.

ನಿನಗೆ ಹೇಳಲೇಬೇಕಾದದ್ದು ಬೆಳಕಿನ ವಿಷಯ. ಜೂನ್‌ನಲ್ಲಿ ಇಲ್ಲಿ ಹೊತ್ತು ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಹಗಲೇ 16 ಗಂಟೆಗಿಂತ ಹೆಚ್ಚು. ಡಿಸೆಂಬರಿನಲ್ಲಿ ಎಂಟು ಗಂಟೆಯೂ ಇರುವುದಿಲ್ಲ. ಹಾಸನದಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಹೆಚ್ಚೆಂದರೆ ಒಂದೂವರೆ ಗಂಟೆ ವ್ಯತ್ಯಾಸ, ನಮಗೆ ತಿಳಿಯುವುದೂ ಇಲ್ಲ. ಗಿಡಕ್ಕೆ ತಿಳಿಯುತ್ತೆ. ಮೇ ತಿಂಗಳಲ್ಲಿ ಹಾಕಿದ ಮೂಲಂಗಿ ಗಡ್ಡೆ ಕಟ್ಟುವ ಮೊದಲೇ ಹೂ ಬಿಟ್ಟಿತು. ಸಬ್ಬಸಿಗೆ, ಕೊತ್ತಂಬರಿಯೂ ಹಾಗೇ, ನಾಲ್ಕು ಎಲೆ ಬಂದು ಕಡ್ಡಿ ಏರಿಬಿಟ್ಟವು. ಹಗಲು ಉದ್ದವಾದರೆ ಹೂ ಬಿಡುವ ಜಾತಿ ಅವು. ಜುಲೈ ಮಧ್ಯದಲ್ಲಿ ಮತ್ತೆ ಮೂಲಂಗಿ ಹಾಕಿದೆವು, ಈಗ ತೋಳುದ್ದ ಇದೆ. ಮೆಂತ್ಯ ಮಾತ್ರ ತಂಟೆ ಮಾಡದೆ ಬಂತು.

ಅವರೆಯದು ಉಲ್ಟಾ. ಮಗ ಮೇ ಕೊನೆಗೆ, ಇಬ್ಬನಿ ಹೆಪ್ಪುಗಟ್ಟುವ ಭಯ ಕಳೆದ ಮೇಲೆ ಒಂದು ಸಾಲು ಅವರೆ ಹಾಕಿದ್ದ. ಬಳ್ಳಿ ಅಂದರೆ ಬಳ್ಳಿ! ಕೋಲು ಹತ್ತಿ, ಅಜ್ಜನ ಬೇಲಿ ಹಾರಿ, ಅವರ ಶೆಡ್ಡಿನ ಮೇಲೆ ಮಲಗಿತು. ಜುಲೈ ಹೋಯಿತು, ಆಗಸ್ಟ್ ಹೋಯಿತು, ಒಂದು ಹೂವಿಲ್ಲ. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳಿಗೆ ಕಾರಣ ಗೊತ್ತಿರಲಿಲ್ಲ ಅಂತಲ್ಲ. ಗಾರ್ನರ್, ಅಲ್ಲಾರ್ಡ್ ಅಂತ ಅಮೆರಿಕದ ಇಬ್ಬರು 1920ರಲ್ಲಿ ಪ್ರಕಟಿಸಿದರಲ್ಲ, ಹೊಗೆಸೊಪ್ಪಿನ ಒಂದು ತಳಿಗೆ ಹಗಲು ಚಿಕ್ಕದಾದರೇನೇ ಹೂ ಅಂತ. ಅದನ್ನು ಬೋರ್ಡಿನ ಮೇಲೆ ಬರೆದು ಪರೀಕ್ಷೆಗೆ ನಾಲ್ಕು ಅಂಕದ ಪ್ರಶ್ನೆ ಮಾಡುತ್ತಿದ್ದೆ. ಆದರೂ ದಿನಾ ಸಂಜೆ ಹೋಗಿ ಎಲೆ ಸರಿಸಿ ನೋಡುತ್ತಿದ್ದೆ. ನಮ್ಮ ನಾಟಿ ಅವರೆ ರಾತ್ರಿ ಉದ್ದವಾಗುವುದನ್ನೇ ಕಾಯುತ್ತೆ. ನಮ್ಮೂರಲ್ಲಿ ರಾಗಿಯ ಅಕ್ಕಡಿ ಸಾಲಿನಲ್ಲಿ ಮಳೆಗಾಲವೆಲ್ಲ ಹಬ್ಬಿಕೊಂಡಿದ್ದು, ದೀಪಾವಳಿ ಹೊತ್ತಿಗೆ ಹೂವಾಗಿ, ಇಬ್ಬನಿ ಬಿದ್ದು ಸೊಗಡು ತುಂಬಿಕೊಳ್ಳುವುದು ಅದಕ್ಕೇ. ಇಲ್ಲಿ ರಾತ್ರಿ ಉದ್ದವಾಗುವ ಹೊತ್ತಿಗೆ ಚಳಿ ಬಂದಿರುತ್ತೆ. ಈಗ ತುದಿಯಲ್ಲಿ ಸಣ್ಣ ಮೊಗ್ಗು ಕಾಣುತ್ತಿದೆ, ರಾತ್ರಿಯ ಉಷ್ಣತೆ ಆಗಲೇ 7 ಡಿಗ್ರಿ. ಕಾಯಿ ಆಗುವುದಿಲ್ಲ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಬೆಳಕಿನ ಹಂಗಿಲ್ಲದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತೆಗೆದದ್ದು ಈ ಕಾರಣಕ್ಕೇ, ವರ್ಷವೆಲ್ಲ ಕಾಯಿ ಸಿಗಲಿ ಅಂತ. ಅದಕ್ಕೆ ಸೊಗಡಿಲ್ಲ ಅಂತ ನೀನು ಮೂಗು ಮುರಿಯುತ್ತೀಯ, ನಾನೂ ಮುರಿದಿದ್ದೇನೆ. ಇಲ್ಲಿದ್ದರೆ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದೆವು.

ಇಷ್ಟಾದರೂ ನಾನು ಅವರೆ ತಿಂದೆ, ಕೇಳು. ಬೆನ್ ಪ್ಲಾಸ್ಟಿಕ್ ಹೊದಿಸಿದ ಮನೆಯೊಳಗೆ 'ವಾಲೋರ್' ಬೆಳೆಯುತ್ತಾರೆ, ನಮ್ಮ ಚಪ್ಪರದ ಅವರೆಯದೇ ಜಾತಿ. ಅದರಲ್ಲಿ ಆಗಸ್ಟ್ ಕೊನೆಗೇ ಕಾಯಿ! ಹೇಗೆ ಅಂತ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಬಂದ ಹೊಸದರಲ್ಲಿ ಅವರ ಬಳ್ಳಿಯೂ ಬರೀ ಎಲೆಯೇ ಅಂತೆ. ಯಾವುದೋ ವರ್ಷ ಒಂದು ಬಳ್ಳಿ ಮಿಕ್ಕವಕ್ಕಿಂತ ಮೊದಲು ಹೂ ಬಿಟ್ಟಿತು. ಅದರ ಬೀಜ ತಿನ್ನದೆ ಎತ್ತಿಟ್ಟರು. ಮುಂದಿನ ವರ್ಷ ಅದರಲ್ಲಿ ಎಲ್ಲಕ್ಕಿಂತ ಮೊದಲು ಹೂ ಬಿಟ್ಟದ್ದು, ಆಮೇಲೆ ಅದರಲ್ಲೂ ಮೊದಲನೆಯದು. ಹೀಗೆ ಎಷ್ಟೋ ವರ್ಷ. ವಿಶ್ವವಿದ್ಯಾಲಯದವರು ತಳಿ ಆಯ್ಕೆ ಅನ್ನುವ ಕೆಲಸವನ್ನು ಈ ಹೆಂಗಸು ಮೊಸರಿನ ಡಬ್ಬಿಗಳಲ್ಲಿ ಮಾಡಿದ್ದಾರೆ. ಡಬ್ಬಿಯ ಮೇಲೆ ಗುಜರಾತಿಯಲ್ಲಿ ಇಸವಿ. ಕೋವೆಂಟ್ರಿ ಹತ್ತಿರದ ರೈಟನ್‌ನಲ್ಲಿ 'ಗಾರ್ಡನ್ ಆರ್ಗ್ಯಾನಿಕ್' ಅಂತ ಒಂದು ಸಂಸ್ಥೆ ಇದೆ, ಹಳೆಯ ತಳಿಗಳ ಬೀಜದ ಗ್ರಂಥಾಲಯ ನಡೆಸುತ್ತೆ. ವಲಸೆ ಬಂದವರು ಇಂಥ ಪ್ಲಾಟುಗಳಲ್ಲಿ ಉಳಿಸಿಕೊಂಡ ಬೆಳೆಗಳ ಬಗ್ಗೆ ಅವರು ಒಂದು ಯೋಜನೆಯನ್ನೇ ಮಾಡಿದ್ದರಂತೆ. ಬೆನ್‌ಗೆ ಅದೆಲ್ಲ ಗೊತ್ತಿಲ್ಲ. ಗೊತ್ತಾದರೂ ಡಬ್ಬಿ ಕೊಡುತ್ತಾರೆ ಅಂತ ನನಗೆ ಅನಿಸುವುದಿಲ್ಲ.

ಆದರೆ ಹೋದ ಭಾನುವಾರ ಸೊಸೆಯನ್ನು ಕರೆದು ಇಪ್ಪತ್ತು ಬೀಜ ಎಣಿಸಿ ಕೊಟ್ಟರು. ಮುಂದಿನ ವರ್ಷ ಹಾಕಬೇಕು, ಮೊದಲು ಹೂ ಬಿಟ್ಟ ಬಳ್ಳಿಗೆ ಕೆಂಪು ದಾರ ಕಟ್ಟಬೇಕು, ಅದರ ಕಾಯಿ ಮುಟ್ಟಬಾರದು ಅಂತ ಷರತ್ತು. ಸೊಸೆ ಇಷ್ಟು ದಿನ ತೋಟದ ಕಡೆ ತಲೆ ಹಾಕಿದವಳಲ್ಲ. ಈಗ ಅಡುಗೆಮನೆಯ ಡ್ರಾಯರಿನಲ್ಲಿ ಬೀಜದ ಪಕ್ಕ ದಾರದುಂಡೆ ಇಟ್ಟುಕೊಂಡಿದ್ದಾಳೆ. ಬೆನ್ ಕೊಟ್ಟ ಕಾಯಿಯಲ್ಲಿ ಒಂದು ಸಲಕ್ಕೆ ಆಗುವಷ್ಟು ಉಪ್ಪಿಟ್ಟು ಮಾಡಿದೆ. ಕಾಳು ಸಣ್ಣದು, ಹಿತಕುವಷ್ಟು ಬಲಿತಿರಲಿಲ್ಲ. ಸೊಗಡು ಇತ್ತೇ ಅಂತ ಕೇಳಬೇಡ, ಇತ್ತು ಅಂತಲೇ ಹೇಳುತ್ತೇನೆ.

ವೀಸಾದ ಆರು ತಿಂಗಳು ಮುಗಿಯುತ್ತಾ ಬಂತು. ಮುಂದಿನ ವಾರದ ವಿಮಾನ. ಈ ಕಾಗದಕ್ಕಿಂತ ಮೊದಲು ನಾನೇ ಬಂದರೂ ಬಂದೆ. ನೀನು ಒಂದು ಕೆಲಸ ಮಾಡು. ಮೇಲಿನ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆಯ ಮೊದಲ ಹೂ ಯಾವ ದಿನ ಬಿಟ್ಟಿತು ಅಂತ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡು. ಬೆನ್ ಕೇಳಿದ್ದಾರೆ, ಫೋನ್ ಮಾಡಿ ತಿಳಿಸುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಅಂದಾಜಿನ ಮೇಲೆ ಹೇಳಬೇಡ, ಹೋಗಿ ನೋಡು.

ಇತಿ,
ನಿನ್ನ ಅಕ್ಕ