ಹೆಬ್ಬೆರಳಿಗೆ ಎಟುಕುವಷ್ಟು

2011ರಲ್ಲಿ 5.3 ಇಂಚಿನ ಗ್ಯಾಲಕ್ಸಿ ನೋಟ್ ಬಂದಾಗ ‘ಇದೇನು ಫೋನೋ, ಸ್ಲೇಟೋ’ ಅಂತ ನಕ್ಕಿದ್ದೆ. 2020ರಲ್ಲಿ 5.4 ಇಂಚಿನ ಐಫೋನ್ ಬಂತು, ಅದರ ಹೆಸರು ‘ಮಿನಿ’! ಪರದೆ ಸುತ್ತಲಿನ ಅಂಚು ಕರಗಿತ್ತು ಅನ್ನಿ. ಅಗಲ ನೋಟ್‌ಗೆ 83 ಮಿ.ಮೀ., ಮಿನಿಗೆ 64. ಕೈಗೆ ಬೇಕಾದ ಲೆಕ್ಕ ಈ ಅಗಲದ್ದೇ, ಮೂಲೆಯಿಂದ ಮೂಲೆಗೆ ಅಳೆದ ಇಂಚಿನದಲ್ಲ.

ಸಿಟಿ ಬಸ್ಸಲ್ಲಿ ಒಂದು ಕೈಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಟಿಕೆಟ್ ದುಡ್ಡಿಗೆ ಕ್ಯುಆರ್ ಸ್ಕ್ಯಾನ್ ಮಾಡೋಕೆ ಹೋದರೆ, ನನ್ನ ದೊಡ್ಡ ಫೋನಿನ ಮೇಲ್ತುದಿಗೆ ಹೆಬ್ಬೆರಳು ಎಟುಕೋದೇ ಇಲ್ಲ. ಅಮ್ಮನಿಗೆ ಮಾತ್ರ ದೊಡ್ಡದೇ ಬೇಕು: ಅಕ್ಷರ ದಪ್ಪ ಮಾಡಿಕೊಂಡು ಕನ್ನಡಕವಿಲ್ಲದೆ ವಾಟ್ಸಾಪ್ ಓದ್ತಾರೆ.

ಐಫೋನ್ ಮಿನಿ 2023ರಲ್ಲಿ ನಿಂತೇ ಹೋಯಿತು. ಹಾಗಾಗಿ ಅಂಗಡಿಗೆ ಹೋದರೆ ಫೋನನ್ನ ಅಂಗಿ ಜೇಬಿಗೆ ಹಾಕಿ, ಬೀಳುತ್ತಾ ಅಂತ ಒಮ್ಮೆ ಬಗ್ಗಿ ನೋಡಿ, ಆಮೇಲೆ ದುಡ್ಡು ಕೊಡಿ.