ಎಲ್ಲರ ನೆರಳು, ನಮ್ಮ ಹೊಣೆ

ಎಲ್ಲರಿಗೂ ಸೇರಿದ ವಸ್ತುವನ್ನು ಕಾಯುವವರು ಯಾರು? ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮನೆ, ಹೊಲ, ಗದ್ದೆಗಳ ಜೊತೆಗೆ ಯಾರೊಬ್ಬರ ಸ್ವತ್ತೂ ಅಲ್ಲದ, ಆದರೆ ಎಲ್ಲರಿಗೂ ಬೇಕಾದ ಕೆಲವು ಜಾಗಗಳಿದ್ದವು. ದನಕರುಗಳಿಗೆ ಗೋಮಾಳ, ನೀರಿಗೆ ಕೆರೆ, ಮಾತಿಗೆ ಅರಳಿಕಟ್ಟೆ, ನೆರಳಿಗೆ ಗುಂಡುತೋಪು. ಕಂದಾಯ ದಾಖಲೆಗಳಲ್ಲಿ ಇಂದಿಗೂ ಗುಂಡುತೋಪು ಎಂಬ ಹೆಸರನ್ನು ಕಾಣಬಹುದು. ಮಾವು, ಹುಣಸೆ, ನೇರಳೆ, ಹೊಂಗೆ ಮರಗಳ ಆ ತೋಪಿನಲ್ಲಿ ಸಂತೆಗೆ ಹೊರಟ ಗಾಡಿಗಳು ನಿಲ್ಲುತ್ತಿದ್ದವು. ದಾರಿಹೋಕನು ಬುತ್ತಿ ಬಿಚ್ಚುತ್ತಿದ್ದನು. ಅವನು ಯಾವ ಊರಿನವನು, ಯಾವ ಕುಲದವನು ಎಂದು ಮರ ಕೇಳುತ್ತಿರಲಿಲ್ಲ. ಮರವನ್ನು ನೆಟ್ಟವರ ಹೆಸರನ್ನು ಅವನೂ ಕೇಳುತ್ತಿರಲಿಲ್ಲ.

ಇಂದು ನಮ್ಮಲ್ಲಿ ಬಹುಮಂದಿ ನಗರವಾಸಿಗಳು. ನಮ್ಮ ಪಾಲಿಗೆ ಗುಂಡುತೋಪಿನ ಸ್ಥಾನದಲ್ಲಿ ಉಳಿದಿರುವುದು ಬಡಾವಣೆಯ ಉದ್ಯಾನ. ಬೆಂಗಳೂರಿನ ಹಿರಿಮೆಯನ್ನು ಹೇಳುವಾಗ ನಾವು 1760ರಲ್ಲಿ ಹೈದರ್ ಅಲಿಯು ಆರಂಭಿಸಿದ ಲಾಲ್‌ಬಾಗನ್ನೂ, 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನವನ್ನೂ ನೆನೆಯುತ್ತೇವೆ. ಅವು ನಗರದ ಹೆಮ್ಮೆ. ಆದರೆ ಮೊಣಕಾಲು ನೋವಿನ ಅಜ್ಜಿ ದಿನವೂ ಲಾಲ್‌ಬಾಗಿಗೆ ಹೋಗಲಾರಳು. ಆಕೆಗೆ ಬೇಕಾದುದು ತನ್ನ ಬೀದಿಯ ಕೊನೆಯಲ್ಲಿರುವ ಅರ್ಧ ಎಕರೆ ಹಸಿರು, ಅದರೊಳಗೊಂದು ಕಲ್ಲುಬೆಂಚು. ಆದುದರಿಂದಲೇ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಲ್ಲಿ ಬಡಾವಣೆಯ ಒಟ್ಟು ವಿಸ್ತೀರ್ಣದ ಶೇಕಡ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಉದ್ಯಾನಕ್ಕೂ ಆಟದ ಮೈದಾನಕ್ಕೂ ಮೀಸಲಿಡಬೇಕೆಂಬ ನಿಯಮವನ್ನು ಸೇರಿಸಲಾಯಿತು. ಉದ್ಯಾನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ ರಕ್ಷಣೆಗೆಂದೇ 1985ರಲ್ಲಿ ಕರ್ನಾಟಕವು ಪ್ರತ್ಯೇಕ ಕಾಯ್ದೆಯೊಂದನ್ನು ಮಾಡಿತು.

ಕಾಯ್ದೆಯೊಂದೇ ಸಾಕೆ? ಸದಾಶಿವನಗರದ ಭಾಗದಲ್ಲಿರುವ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ನಡೆದ ಸಂಗತಿ ಇಲ್ಲಿ ನೆನೆಯತಕ್ಕದ್ದು. ಬಡಾವಣೆಯ ಯೋಜನೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಗುರುತಿಸಿದ್ದ ಜಾಗವನ್ನು ಸರ್ಕಾರದ ಆದೇಶದ ಮೇರೆಗೆ ಖಾಸಗಿ ಆಸ್ಪತ್ರೆಯೊಂದರ ನಿರ್ಮಾಣಕ್ಕಾಗಿ ಒಂದು ಟ್ರಸ್ಟಿಗೆ ಹಂಚಲಾಯಿತು. ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಉಚ್ಚ ನ್ಯಾಯಾಲಯದಲ್ಲಿ ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು. ಕೊನೆಗೆ 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿಯೇ ತೀರ್ಪಿತ್ತಿತು. ಸಾರ್ವಜನಿಕರಿಗೆಂದು ಮೀಸಲಿಟ್ಟ ಉದ್ಯಾನವನ್ನು ಖಾಸಗಿಯವರಿಗೆ ಕೊಡುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ನೆರೆಹೊರೆಯ ಜನರಿಗಿದೆ ಎಂಬುದು ಆ ತೀರ್ಪಿನ ಸಾರ. ದೇಶದ ಬೇರೆ ಬೇರೆ ಊರುಗಳ ಉದ್ಯಾನಗಳ ಪರವಾಗಿ ವಾದಿಸುವವರು ಇಂದಿಗೂ ಈ ತೀರ್ಪನ್ನು ಮುಂದಿಡುತ್ತಾರೆ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಒಂದು ಅಂಶ. ಅಲ್ಲಿ ಉದ್ಯಾನಕ್ಕೆ ಎದುರಾಗಿ ನಿಂತದ್ದು ಮದ್ಯದಂಗಡಿಯಲ್ಲ, ಆಸ್ಪತ್ರೆ. ಆಸ್ಪತ್ರೆ ಬೇಡವೆನ್ನುವವರು ಯಾರು? ಬಯಲು ಜಾಗಗಳಿಗೆ ಅಪಾಯ ಬರುವುದು ಅನೇಕ ವೇಳೆ ಹೀಗೆಯೇ, ಒಳ್ಳೆಯ ಕೆಲಸದ ಹೆಸರಿನಲ್ಲಿ. ಒಂದು ಮೂಲೆಯಲ್ಲಿ ನೀರಿನ ತೊಟ್ಟಿ, ಇನ್ನೊಂದು ಮೂಲೆಯಲ್ಲಿ ವಾಚನಾಲಯ, ನಡುವೆ ಒಂದು ಪ್ರತಿಮೆ, ಬದಿಯಲ್ಲಿ ಸಮುದಾಯ ಭವನ. ಒಂದೊಂದೂ ಒಳ್ಳೆಯದೇ. ಎಲ್ಲವೂ ಕೂಡಿದಾಗ ಉದ್ಯಾನವೇ ಇರುವುದಿಲ್ಲ. ಖಾಲಿ ಜಾಗವೆಂದರೆ ವ್ಯರ್ಥ ಜಾಗವೆಂಬ ಭಾವನೆ ನಮ್ಮ ಮನಸ್ಸಿನಲ್ಲಿ ಬೇರೂರಿಬಿಟ್ಟಿದೆ. ಆದರೆ ಆ ಖಾಲಿಯೇ ಅದರ ಉಪಯೋಗ. ಮಳೆಯ ನೀರು ಇಂಗುವುದು ಅಲ್ಲಿ; ಮಗು ಓಡುವುದು ಅಲ್ಲಿ.

ತೀರ್ಪು ಭೂಮಿಯನ್ನು ಉಳಿಸಿಕೊಡಬಲ್ಲದು, ಗುಡಿಸಿ ನೀರುಣಿಸಲಾರದು. ಆ ಕೆಲಸ ಯಾರದು? ಪಾಲಿಕೆಯದು ಎಂದು ನಾವು, ಜನರಿಗೆ ಜವಾಬ್ದಾರಿಯಿಲ್ಲವೆಂದು ಅಧಿಕಾರಿಗಳು! ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ ಉದ್ಯಾನ ಒಣಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳು ಬಂದವು. ಫಲಕಗಳ ಮೇಲಿನ ಹೆಸರುಗಳು ಬದಲಾದವು. ಮರದಿಂದ ಉದುರುವ ಎಲೆಗೆ ಇದಾವುದೂ ತಿಳಿಯದು. ಅದನ್ನು ಯಾರಾದರೂ ಬಾಗಿ ಎತ್ತಲೇಬೇಕು.

ನಮ್ಮ ಬಡಾವಣೆಯಲ್ಲಿ ಹನ್ನೊಂದು ಮಂದಿ ಶನಿವಾರ ಬೆಳಗ್ಗೆ ಎರಡು ಗಂಟೆಗಳ ಕಾಲ ಈ ಕೆಲಸಕ್ಕೆ ಸೇರುತ್ತೇವೆ. ಇಬ್ಬರು ನಿವೃತ್ತ ಶಿಕ್ಷಕಿಯರು, ಒಬ್ಬ ದರ್ಜಿ, ಬ್ಯಾಂಕಿನಲ್ಲಿ ದುಡಿದವರು, ಕಾಲೇಜಿಗೆ ಹೋಗುವ ಮೂವರು ಹುಡುಗರು, ಹೀಗೆ. ನಮ್ಮ ಸಂಘಕ್ಕೆ ಹೆಸರಿಲ್ಲ, ಅಧ್ಯಕ್ಷರೂ ಇಲ್ಲ. ಆರಂಭದಲ್ಲಿ ಗಿಡ ನೆಡುವ ಉತ್ಸಾಹವೇ ಎಲ್ಲರಿಗೂ. ಕ್ರಮೇಣ ತಿಳಿದು ಬಂದದ್ದೇನೆಂದರೆ, ನೆಡುವುದು ಒಂದು ದಿನದ ಹಬ್ಬ, ಉಳಿಸುವುದು ಮೂರು ಬೇಸಿಗೆಗಳ ದುಡಿಮೆ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆಲದ ಸಾಲನ್ನು ಬೆಳೆಸಿ, 2025ರ ನವೆಂಬರಿನಲ್ಲಿ ನಮ್ಮನ್ನಗಲಿದ ಸಾಲುಮರದ ತಿಮ್ಮಕ್ಕನವರ ಹಿರಿಮೆಯೂ ಇದೇ ಅಲ್ಲವೇ? ಸಸಿಗಳನ್ನು ನೆಟ್ಟದ್ದಕ್ಕಿಂತ, ದಂಪತಿಗಳಿಬ್ಬರೂ ಕೊಡಗಳಲ್ಲಿ ನೀರು ಹೊತ್ತು ಅವುಗಳನ್ನು ಸಾಕಿದ್ದು ದೊಡ್ಡದು.

ಕೆಲಸವೇ ನಮಗೆ ಪಾಠ ಹೇಳಿತು. ಉದುರಿದ ಎಲೆಗಳನ್ನು ಗುಡ್ಡೆ ಹಾಕಿ ಸುಡುವುದು ಹಳೆಯ ರೂಢಿ. ಅದರ ಹೊಗೆ ಮೊದಲು ಸೇರುವುದು ಮಕ್ಕಳ ಮತ್ತು ಮುದುಕರ ಎದೆಯನ್ನು. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ನಿಷೇಧಿಸಿತು. ನಾವು ಉದ್ಯಾನದ ಮೂಲೆಯಲ್ಲಿ ಕಂಬಿಜಾಲರಿಯ ಎರಡು ದೊಡ್ಡ ಬುಟ್ಟಿಗಳನ್ನು ನಿಲ್ಲಿಸಿ ಎಲೆಗಳನ್ನು ಅದರಲ್ಲಿ ತುಂಬುತ್ತೇವೆ. ಒಣ ಎಲೆಯೊಂದೇ ಆದರೆ ಕೊಳೆಯಲು ಬಹುಕಾಲ ಹಿಡಿಯುತ್ತದೆ. ನಡುನಡುವೆ ಹಸಿ ಹುಲ್ಲು, ತರಕಾರಿ ಸಿಪ್ಪೆ, ಸಗಣಿಯ ನೀರು ಬೇಕು. ಹಿಂಡಿದ ಬಟ್ಟೆಯಷ್ಟು ತೇವವಿರಬೇಕು, ಆಗಾಗ ಮಗುಚಬೇಕು. ನಾಲ್ಕೈದು ತಿಂಗಳಲ್ಲಿ ಕಪ್ಪನೆಯ, ಮೊದಲ ಮಳೆಯ ವಾಸನೆಯ ಗೊಬ್ಬರ ಸಿದ್ಧವಾಗುತ್ತದೆ. ಹಾಗೆಯೇ ಅಂದಕ್ಕೆಂದು ಮರದ ಬುಡದವರೆಗೂ ಸಿಮೆಂಟು ಹಾಕಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಅನುಮತಿ ಪಡೆದು ಆರು ಮರಗಳ ಬುಡವನ್ನು ಬಿಡಿಸಿದೆವು. ಕಾಂಡಗಳಿಗೆ ಹೊಡೆದಿದ್ದ ಜಾಹೀರಾತಿನ ಮೊಳೆಗಳನ್ನು ಕಿತ್ತೆವು. ಒಂದೇ ಹೊಂಗೆಯ ಮರದಲ್ಲಿ ಹದಿನಾಲ್ಕು ಮೊಳೆಗಳಿದ್ದವು.

ಇಷ್ಟೆಲ್ಲ ಹೇಳಿದ ಮೇಲೆ, ಇದಕ್ಕಿಂತ ಕಠಿಣವಾದ ಪಾಠವನ್ನು ಹೇಳದಿರಲಾಗದು.

ನಗರದ ಅನೇಕ ಉದ್ಯಾನಗಳಂತೆ ನಮ್ಮದಕ್ಕೂ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬೀಗ ಹಾಕುವ ಪದ್ಧತಿ ಬಹುಕಾಲದಿಂದ ಇತ್ತು. ಕುಡುಕರು ಬರುತ್ತಾರೆ, ನಲ್ಲಿ ಕದಿಯುತ್ತಾರೆ ಎಂಬುದು ಕಾರಣ. ಒಂದು ದಿನ ಹತ್ತೂವರೆಯ ಹೊತ್ತಿಗೆ ಗೇಟಿನ ಹೊರಗೆ, ಪಾದಚಾರಿ ದಾರಿಯ ಮೇಲೆ ಮೂವರು ಪೌರಕಾರ್ಮಿಕ ಮಹಿಳೆಯರು ಬುತ್ತಿ ಬಿಚ್ಚಿ ಕುಳಿತಿದ್ದರು. ಇಲ್ಲೇಕೆ ಕುಳಿತಿರಿ ಎಂದು ಕೇಳಿದಾಗ ಅವರಲ್ಲೊಬ್ಬರು, "ಒಳಗಿನ ಮರದ ನೆರಳು ಈ ಹೊತ್ತಿಗೆ ಗೋಡೆ ದಾಟಿ ಬರುತ್ತದೆ. ನಮಗೆ ಅಷ್ಟೇ ಸಾಕು" ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ನಮ್ಮ ಬೀದಿಯನ್ನು ಬೆಳಗಿನಿಂದ ಗುಡಿಸಿದವರು ಅವರು.

ಮುಂದಿನ ಶನಿವಾರ ಈ ವಿಷಯ ಚರ್ಚೆಗೆ ಬಂತು. 2024ರ ಜೂನ್ ತಿಂಗಳಲ್ಲಿಯೇ ಪಾಲಿಕೆಯ ಉದ್ಯಾನಗಳು ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿರಬೇಕೆಂದು ಸರ್ಕಾರ ಪ್ರಕಟಿಸಿತ್ತು. ಆದರೂ ಬೀಗ ಹಾಗೆಯೇ ಇತ್ತು. "ವರ್ಷಗಟ್ಟಲೆ ನೀರು ಹೊತ್ತು ಬೆಳೆಸಿದ್ದು ಯಾರೋ ಬಂದು ಕೆಡಿಸಲಿಕ್ಕೆಯೇ?" ಎಂದು ಒಬ್ಬರು ನೊಂದು ಕೇಳಿದರು. ಅವರ ಅಂಗೈಯಲ್ಲಿ ಗುದ್ದಲಿ ಹಿಡಿದ ಬೊಬ್ಬೆಯಿತ್ತು. ಅವರ ನೋವನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಆಗ ನಿವೃತ್ತ ಶಿಕ್ಷಕಿಯೊಬ್ಬರು ಮೆಲ್ಲನೆ ಹೇಳಿದರು: "ನಮಗೆಂದೇ ಬೆಳೆಸುವುದಾದರೆ ನಮ್ಮ ಹಿತ್ತಿಲಲ್ಲೇ ಬೆಳೆಸಬಹುದಿತ್ತಲ್ಲ." ಅಲ್ಲಿಗೆ ಮಾತು ನಿಂತಿತು.

ಬೀಗ ತೆರೆಯಿತು. ಮುಂದಿನದೆಲ್ಲ ಸುಗಮವಾಯಿತೆಂದು ಹೇಳಿದರೆ ಅದು ಕಥೆಯಾದೀತು. ಮೊದಲ ತಿಂಗಳಲ್ಲಿಯೇ ಒಂದು ನಲ್ಲಿ ಕಾಣೆಯಾಯಿತು, ಒಂದು ಕಲ್ಲುಬೆಂಚು ಮುರಿಯಿತು, ಹುಲ್ಲಿನ ಮೇಲೆ ಗುಟ್ಕಾ ಚೀಟಿಗಳು ಬಿದ್ದವು. ಇಬ್ಬರು ನಮ್ಮ ಗುಂಪನ್ನು ಬಿಟ್ಟರು. ಅವರಲ್ಲಿ ಒಬ್ಬರು ಮರಳಿ ಬಂದಿದ್ದಾರೆ, ಇನ್ನೊಬ್ಬರು ಈಗಲೂ ದೂರದಿಂದಲೇ ಕೈಮುಗಿಯುತ್ತಾರೆ. ಆದರೆ ಮಧ್ಯಾಹ್ನದ ಹೊತ್ತು ಜನರಿರುವ ಜಾಗಕ್ಕೆ ಕುಡುಕರು ಬರುವುದು ತಾನಾಗಿ ಕಡಿಮೆಯಾಯಿತು. ಊಟದ ಬಿಡುವಿಗೆ ಬರುವ ಕಟ್ಟಡ ಕೆಲಸಗಾರರು, ಮನೆಮನೆಗೆ ಸಾಮಾನು ಮುಟ್ಟಿಸುವ ಹುಡುಗರು ಬೆಂಚುಗಳ ಮೇಲೆ ಅರ್ಧ ಗಂಟೆ ಬೆನ್ನು ಚಾಚುತ್ತಾರೆ. ಯಾವ ಕೊಳವೆ ಸೋರುತ್ತಿದೆ, ಯಾವ ಕೊಂಬೆ ಬಿರುಕು ಬಿಟ್ಟಿದೆ ಎಂದು ಈಗ ನಮಗಿಂತ ಮೊದಲು ತಿಳಿಯುವುದು ಅವರಿಗೆ.

ಸ್ವಯಂಸೇವೆಯಲ್ಲಿ ಅಡಗಿರುವ ಒಂದು ಸೂಕ್ಷ್ಮವಾದ ಪ್ರಲೋಭನೆಯನ್ನು ಈ ಅನುಭವ ತೋರಿಸಿತು. ನಮ್ಮ ಕೈಯಿಂದ ಸಾಕಿದ್ದನ್ನು ನಾವು ನಮ್ಮದೆಂದು ತಿಳಿಯುತ್ತೇವೆ. ಪೋಷಕನು ಅರಿವಿಲ್ಲದೆಯೇ ಒಡೆಯನಾಗಿಬಿಡುತ್ತಾನೆ. ಜಾಗವನ್ನು ಅತಿಕ್ರಮಿಸುವವನು ಬೇಲಿ ಹಾಕುವಂತೆ, ಪ್ರೀತಿಸುವವನೂ ಬೇಲಿ ಹಾಕಬಲ್ಲ. ಹೊರಗೆ ನಿಂತವನಿಗೆ ಎರಡರ ನಡುವೆ ವ್ಯತ್ಯಾಸವೇನು?

ಬಯಲು ಜಾಗಗಳಿಗಾಗಿ ಹಿಂದೆ ಹೋರಾಡಿದವರು ಇದನ್ನು ಚೆನ್ನಾಗಿ ಅರಿತಿದ್ದರು. ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆ ಬಡವರ ವಸತಿಗಳನ್ನು ನೋಡಿಕೊಳ್ಳುತ್ತಿದ್ದರು. ಇಕ್ಕಟ್ಟಾದ ಕೋಣೆಗಳಲ್ಲಿ ಬದುಕುವವರಿಗೆ ಮನೆಯ ಹೊರಗೊಂದು ಕೂರುವ ಜಾಗ ಬೇಕೆಂಬುದು ಅವರ ವಾದ. ಸ್ವಿಸ್ ಕಾಟೇಜ್ ಬಯಲನ್ನು ಉಳಿಸಲು 1875ರಲ್ಲಿ ಅವರು ಹಣ ಕೂಡಿಸಲು ಹೊರಟು ಸೋತರು. ಆ ಬಯಲಿನ ಮೇಲೆ ಮನೆಗಳೆದ್ದವು. ಅವರು ಕೈಚೆಲ್ಲಲಿಲ್ಲ. ಬಳಕೆ ನಿಂತ ಹಳೆಯ ಚರ್ಚುಗಳ ಸ್ಮಶಾನಭೂಮಿಗಳನ್ನು ಬಡವರ ಉದ್ಯಾನಗಳನ್ನಾಗಿಸಲು ದುಡಿದರು. 1895ರಲ್ಲಿ ಇನ್ನಿಬ್ಬರೊಡನೆ ಸೇರಿ ಅವರು ಸ್ಥಾಪಿಸಿದ ನ್ಯಾಷನಲ್ ಟ್ರಸ್ಟ್ ಇಂದಿಗೂ ಆ ದೇಶದ ಬಯಲು, ಬೆಟ್ಟ, ಕರಾವಳಿಗಳನ್ನು ಕಾಯುತ್ತಿದೆ. ಉಳಿಸುವುದೆಂದರೆ ಮುಚ್ಚಿಡುವುದಲ್ಲ, ಎಲ್ಲರಿಗಾಗಿ ತೆರೆದಿಡುವುದು ಎಂಬುದೇ ಅವರ ದುಡಿಮೆಯ ತಿರುಳು.

ಓದುಗ ಬಂಧುಗಳೇ, ನಿಮ್ಮ ಮನೆಯ ಸಮೀಪದಲ್ಲಿಯೂ ಇಂಥದೊಂದು ಜಾಗ ಇದ್ದೇ ಇರುತ್ತದೆ. ಪಾಲಿಕೆಯ ಉದ್ಯಾನವಿರಬಹುದು, ಶಾಲೆಯ ಮೈದಾನವಿರಬಹುದು, ಹಳ್ಳಿಯಲ್ಲಾದರೆ ಒತ್ತುವರಿಯಿಂದ ಉಳಿದ ತೋಪಿನ ಒಂದು ಮೂಲೆಯಿರಬಹುದು. ನಕ್ಷೆಯಲ್ಲಿ ಅದು ಏನೆಂದು ದಾಖಲಾಗಿದೆ ಎಂದು ಮೊದಲು ವಿಚಾರಿಸಿ; ಸಾರ್ವಜನಿಕ ದಾಖಲೆಯನ್ನು ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆ ನಮಗೆ ಅವಕಾಶ ಕೊಟ್ಟಿದೆ. ಬಳಿಕ ನಾಲ್ಕು ಮಂದಿ ಸೇರಿ ವಾರಕ್ಕೆ ಎರಡು ಗಂಟೆ ಅಲ್ಲಿ ದುಡಿಯಿರಿ. ಮಕ್ಕಳನ್ನೂ ಕರೆದೊಯ್ಯಿರಿ, ಮಣ್ಣು ಮುಟ್ಟಿದ ಕೈ ಕಸ ಎಸೆಯಲು ಹಿಂಜರಿಯುತ್ತದೆ. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆ ನೀರಿಗಷ್ಟೇ ಅಲ್ಲ, ಬೆವರಿಗೂ ಸಲ್ಲುತ್ತದೆ.

ಕೊನೆಗೆ, ಆ ಜಾಗ ನಿಜವಾಗಿ ಉಳಿದಿದೆಯೇ ಎಂದು ತಿಳಿಯಲು ಹುಲ್ಲಿನ ಬಣ್ಣವನ್ನು ನೋಡಬೇಡಿ. ನಡುಮಧ್ಯಾಹ್ನ ಅಲ್ಲಿಗೆ ಹೋಗಿ, ನೆರಳಿನಲ್ಲಿ ಯಾರು ಕುಳಿತಿದ್ದಾರೆಂದು ನೋಡಿ. ಅಲ್ಲಿ ಒಂದು ದಿನವೂ ಪೊರಕೆ ಹಿಡಿಯದ, ನಿಮ್ಮ ಹೆಸರನ್ನೂ ಅರಿಯದ ಅಪರಿಚಿತನೊಬ್ಬನು ನಿರಾತಂಕವಾಗಿ ಕಣ್ಣು ಮುಚ್ಚಿ ವಿಶ್ರಮಿಸುತ್ತಿದ್ದರೆ, ನಿಮ್ಮ ದುಡಿಮೆ ಸಾರ್ಥಕವಾಯಿತೆಂದು ತಿಳಿಯಿರಿ.